ಹಗ್ಗ ಬಿಟ್ಟ ಮೇಲಿನ ಕಡಲು: ‘ಯಂಗ್ ವುಮನ್ ಅಂಡ್ ದ ಸೀ’ ಚಿತ್ರ ವಿಮರ್ಶೆ

ನಮ್ಮ ಕಡೆ ತೋಟದ ಬಾವಿಯಲ್ಲಿ ಮಕ್ಕಳಿಗೆ ಈಜು ಕಲಿಸುವಾಗ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಬಿಗಿದು, ಸೊಂಟಕ್ಕೆ ಹಗ್ಗ ಕಟ್ಟಿ, ಆ ಹಗ್ಗದ ತುದಿಯನ್ನು ಹಿಡಿದು ಹಿರಿಯರು ಮೆಟ್ಟಿಲ ಮೇಲೆ ನಿಲ್ಲುತ್ತಿದ್ದರು. ನನ್ನ ಅಣ್ಣಂದಿರಿಬ್ಬರೂ ಹಾಗೆಯೇ ಕಲಿತರು. ನಾನು ಅವರ ಒಣಬಟ್ಟೆ ಹಿಡಿದುಕೊಂಡು ಮೇಲಿನ ಮೆಟ್ಟಿಲಲ್ಲಿ ಕುಳಿತಿರುತ್ತಿದ್ದೆ. ಹೆಣ್ಣುಮಕ್ಕಳಿಗೆ ಆ ಹಗ್ಗ ಕಟ್ಟುವ ಯೋಚನೆ ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ. ‘ಯಂಗ್ ವುಮನ್ ಅಂಡ್ ದ ಸೀ’ ಚಿತ್ರದಲ್ಲಿ, ನ್ಯೂಯಾರ್ಕಿನ ಕಸಾಯಿ ಅಂಗಡಿಯ ಮಾಲೀಕ ಹೆನ್ರಿ ಎಡರ್ಲಿ ತನ್ನ ಕಿರಿಯ ಮಗಳ ಸೊಂಟಕ್ಕೆ ಹಗ್ಗ ಬಿಗಿದು ಅವಳನ್ನು ಕಡಲಿಗಿಳಿಸುವ ದೃಶ್ಯ ಬಂದಾಗ ನನಗೆ ಆ ಬಾವಿಯ ಮೆಟ್ಟಿಲು ನೆನಪಾಯಿತು. ಹಾಗಾಗಿ ಈ ಚಿತ್ರವನ್ನು ನಾನು ದೂರದ ದೇಶದ ಕಥೆಯೆಂದು ನೋಡಲು ಸಾಧ್ಯವಾಗಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

2024ರಲ್ಲಿ ತೆರೆಕಂಡ, ಸುಮಾರು ಎರಡು ಗಂಟೆ ಹತ್ತು ನಿಮಿಷ ಅವಧಿಯ ಈ ಇಂಗ್ಲಿಷ್ ಚಿತ್ರವನ್ನು ನಾರ್ವೆಯ ಯೋಆಕಿಮ್ ರೋನಿಂಗ್ ನಿರ್ದೇಶಿಸಿದ್ದಾರೆ. 2009ರಲ್ಲಿ ಇದೇ ಹೆಸರಿನಲ್ಲಿ ಪ್ರಕಟವಾದ ಜೀವನಚರಿತ್ರೆ ಇದಕ್ಕೆ ಆಧಾರ. ಡಿಸ್ನಿ ಸಂಸ್ಥೆ ಇದನ್ನು ಮೊದಲು ಕೆಲವೇ ಚಿತ್ರಮಂದಿರಗಳಲ್ಲಿ ಬಿಡುಗಡೆ ಮಾಡಿ, ಕೆಲವು ವಾರಗಳ ಬಳಿಕ ತನ್ನ ಒಟಿಟಿ ವೇದಿಕೆಗೆ ತಂದಿತು. ಚಿತ್ರದ ಮುಖ್ಯ ಶಕ್ತಿಯೇ ನೀರಿನ ವಿಸ್ತಾರವಾದ್ದರಿಂದ ದೊಡ್ಡ ಪರದೆಯಲ್ಲಿ ನೋಡುವ ಅವಕಾಶ ಹೆಚ್ಚಿನವರಿಗೆ ಸಿಗಲಿಲ್ಲವೆಂಬುದು ಬೇಸರದ ಸಂಗತಿ. ಮನೆಯಲ್ಲಿ ನೋಡುವವರು ಫೋನಿನಲ್ಲಿ ನೋಡಬೇಡಿ; ಟಿವಿ ಪರದೆಯಲ್ಲಿ, ದೀಪ ಆರಿಸಿ, ಧ್ವನಿಯನ್ನು ಸ್ವಲ್ಪ ಏರಿಸಿಕೊಂಡು ನೋಡಿ.

ಕಥಾನಾಯಕಿ ಗರ್ಟ್ರೂಡ್ ಎಡರ್ಲಿ, ಮನೆಯವರ ಬಾಯಲ್ಲಿ ಟ್ರೂಡಿ. 1905ರಲ್ಲಿ ನ್ಯೂಯಾರ್ಕಿನಲ್ಲಿ, ಜರ್ಮನಿಯಿಂದ ವಲಸೆ ಬಂದ ಕುಟುಂಬದಲ್ಲಿ ಹುಟ್ಟಿದವಳು. ಎಳವೆಯಲ್ಲಿ ಬಂದ ದಡಾರ ಅವಳ ಕಿವಿಯ ಶಕ್ತಿಯನ್ನು ಕುಂದಿಸಿತು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 4x100 ಮೀಟರ್ ಫ್ರೀಸ್ಟೈಲ್ ರಿಲೇ ತಂಡದ ಸದಸ್ಯೆಯಾಗಿ ಚಿನ್ನವನ್ನೂ, 100 ಮೀಟರ್ ಮತ್ತು 400 ಮೀಟರ್ ಫ್ರೀಸ್ಟೈಲ್‌ನಲ್ಲಿ ಕಂಚನ್ನೂ ಗೆದ್ದಳು. 1926ರ ಆಗಸ್ಟ್ 6ರಂದು ಫ್ರಾನ್ಸಿನ ಗ್ರೀ ನೇ ಭೂಶಿರದಿಂದ ನೀರಿಗಿಳಿದು, ಹದಿನಾಲ್ಕೂವರೆ ಗಂಟೆಗಳಿಗೆ ತುಸು ಹೆಚ್ಚಿನ ಅವಧಿಯಲ್ಲಿ ಇಂಗ್ಲೆಂಡಿನ ಕಿಂಗ್ಸ್‌ಡೌನ್ ದಡ ತಲುಪಿ, ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದ ಮೊದಲ ಮಹಿಳೆಯಾದಳು. ಅವಳಿಗಿಂತ ಮೊದಲು ದಾಟಿದವರು ಐವರೇ, ಐವರೂ ಗಂಡಸರು. ಅವರಲ್ಲಿ ಅತಿ ವೇಗವಾಗಿ ದಾಟಿದ್ದ ಎನ್ರಿಕೊ ತಿರಾಬೋಸ್ಕಿಗೆ 1923ರಲ್ಲಿ 16 ಗಂಟೆ 33 ನಿಮಿಷ ಬೇಕಾಗಿತ್ತು. ಇಪ್ಪತ್ತರ ಹರೆಯದ ಹುಡುಗಿಯೊಬ್ಬಳು ಆ ದಾಖಲೆಯನ್ನು ಎರಡು ಗಂಟೆಗಳಷ್ಟು ತಗ್ಗಿಸಿದ್ದಳು.

ಚಿತ್ರದ ಮೊದಲ ಅರ್ಧ ಗಂಟೆಯ ಮನೆಯೊಳಗಿನ ದೃಶ್ಯಗಳೇ ನನಗೆ ಹೆಚ್ಚು ಇಷ್ಟವಾದವು. ದಡಾರದಿಂದ ಸಾವಿನಂಚಿಗೆ ಹೋದ ಮಗು ಒಂದು ಕಡೆ. ದಡಕ್ಕೆ ಹತ್ತಿರದಲ್ಲೇ ಹಡಗಿಗೆ ಬೆಂಕಿ ಬಿದ್ದಾಗ ಈಜು ಬಾರದ ಕಾರಣಕ್ಕೇ ಹೆಣ್ಣುಮಕ್ಕಳು ಸತ್ತರೆಂಬ ಸುದ್ದಿ ಇನ್ನೊಂದು ಕಡೆ. ಆ ಸುದ್ದಿ ಕೇಳಿದ ತಾಯಿ ತನ್ನ ಮಕ್ಕಳು ಈಜು ಕಲಿಯಲೇಬೇಕೆಂದು ಹಟ ಹಿಡಿಯುತ್ತಾಳೆ. ಗಂಡ ಒಪ್ಪುವುದಿಲ್ಲ, ಊರು ಒಪ್ಪುವುದಿಲ್ಲ, ಕಾಯಿಲೆಯಿಂದೆದ್ದ ಕಿರಿಯವಳನ್ನು ನೀರಿಗಿಳಿಸಲು ಹಿಂಜರಿಕೆಯೂ ಇದೆ. ಆಗ ಆ ಪುಟ್ಟ ಹುಡುಗಿ ಮಾಡುವ ಕೆಲಸವೆಂದರೆ ಒಂದೇ ಹಾಡನ್ನು ಹಗಲೂ ಇರುಳೂ ಗುನುಗುತ್ತಾ ಅಪ್ಪ ಸೋಲುವವರೆಗೂ ಬಿಡದಿರುವುದು. ಮುಂದೆ ಕಡಲಿನ ನಡುವೆ ಅದೇ ಹಾಡು ಅವಳ ಉಸಿರಿಗೆ ಲಯವಾಗಿ ಒದಗುತ್ತದೆ. ತಾಯಿಯ ಪಾತ್ರದಲ್ಲಿ ಜನೆಟ್ ಹೈನ್ ಹೆಚ್ಚು ಮಾತಾಡದೆ ನಿರ್ಧಾರಗಳನ್ನು ತೆಗೆದುಕೊಳ್ಳುವ ಹೆಣ್ಣಾಗಿ ನಿಂತಿದ್ದಾರೆ. ಮನೆಯ ಖರ್ಚಿನಲ್ಲಿ ಉಳಿಸಿದ ಹಣದಿಂದ ಮಕ್ಕಳ ಓದಿಗೂ ಆಟಕ್ಕೂ ದಾರಿ ಮಾಡಿದ ನಮ್ಮ ಎಷ್ಟೋ ತಾಯಂದಿರ ಮುಖ ಅವರಲ್ಲಿ ಕಾಣುತ್ತದೆ. ಅಪ್ಪನಾಗಿ ಕಿಮ್ ಬೋಡ್ನಿಯ ಅವರ ಅಭಿನಯವೂ ಅಷ್ಟೇ ಹದವಾಗಿದೆ: ಅವರ ಹೆನ್ರಿ ಮಗಳನ್ನು ಪ್ರೀತಿಸುತ್ತಾನೆ, ಜನರ ಮಾತಿಗೆ ಅಂಜುತ್ತಾನೆ, ಈ ಎರಡೂ ಒಂದೇ ಮುಖದಲ್ಲಿ ಒಟ್ಟಿಗೆ ಇರುತ್ತವೆ.

ಮಹಿಳೆಯರಿಗಾಗಿಯೇ ಈಜು ಸಂಘ ಕಟ್ಟಿದ ಶಾರ್ಲಟ್ ಎಪ್ಸ್ಟೈನ್ ಅವರ ನೆಲಮಾಳಿಗೆಯ ಕೊಳ ಮುಂದಿನ ಘಟ್ಟ. 1917ರಲ್ಲಿ ನ್ಯೂಯಾರ್ಕಿನಲ್ಲಿ ಈ ಸಂಘ ಸ್ಥಾಪನೆಯಾದದ್ದು ಇತಿಹಾಸ. ಅಕ್ಕ ಮೆಗ್‌ಗೆ ಅಲ್ಲಿ ಸುಲಭವಾಗಿ ಜಾಗ ಸಿಗುತ್ತದೆ. ಟ್ರೂಡಿ ಮಾತ್ರ ಕೊಳದ ನೀರು ಕಾಯಿಸುವ ಒಲೆಗೆ ಕಲ್ಲಿದ್ದಲು ತುಂಬುತ್ತಾ ತನ್ನ ಕಲಿಕೆಯನ್ನು ದುಡಿದು ಗಳಿಸುತ್ತಾಳೆ. ಮಸಿ ಮೆತ್ತಿದ ಕೈಗಳು ನೀರಿಗಿಳಿಯುವ ಆ ಚಿತ್ರಿಕೆಗಳು ಮಾತಿನ ನೆರವಿಲ್ಲದೆ ಒಂದು ವರ್ಗದ ಕಥೆಯನ್ನು ಹೇಳಿಬಿಡುತ್ತವೆ. ಆದರೆ ಇಲ್ಲಿ ನನಗೊಂದು ಕೊರತೆ ಕಂಡಿತು. ಆ ಸಂಘದಲ್ಲಿ ಲೂಯಿಸ್ ಹ್ಯಾಂಡ್ಲಿ ಎಂಬ ತರಬೇತುದಾರರು ಹುಡುಗಿಯರಿಗೆ, ಮುಖವನ್ನು ನೀರಿನಲ್ಲಿಟ್ಟು ಕೈಗಳನ್ನು ಒಂದಾದ ಮೇಲೊಂದರಂತೆ ಬೀಸಿ ಈಜುವ ಕ್ರಾಲ್ ಶೈಲಿಯನ್ನು ಕಲಿಸಿ, ಕಾಲಿನ ಬಡಿತವನ್ನೂ ಕೈಯ ಎಳೆತವನ್ನೂ ಉಸಿರಾಟವನ್ನೂ ಒಂದು ತಾಳಕ್ಕೆ ತಂದಿದ್ದರು. 1875ರಲ್ಲಿ ಮ್ಯಾಥ್ಯೂ ವೆಬ್ ಎಲ್ಲರಿಗಿಂತ ಮೊದಲು ಕಾಲುವೆ ದಾಟಿದ್ದು, ಎರಡೂ ಕೈಗಳನ್ನು ಒಟ್ಟಿಗೆ ಚಾಚಿ ಎಳೆಯುವ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ. ತಲೆ ಎತ್ತಿಕೊಂಡು, ನಿಧಾನವಾಗಿ, ಇಪ್ಪತ್ತೊಂದು ಗಂಟೆಗೂ ಮಿಗಿಲಾದ ಹೊತ್ತು. ಕ್ರಾಲ್ ವೇಗದ ಶೈಲಿ ಹೌದಾದರೂ ಅದು ಸಣ್ಣ ದೂರಕ್ಕೆ ಮಾತ್ರ ಸರಿ, ಇಡೀ ದಿನ ಅದನ್ನು ಕಾಪಾಡಿಕೊಳ್ಳಲು ಆಗದೆಂಬ ಅನುಮಾನ ಬಹಳ ಮಂದಿಗಿತ್ತು. ಟ್ರೂಡಿಯ ಗೆಲುವಿನ ಅರ್ಧ ಗುಟ್ಟು ಈ ಶೈಲಿಯಲ್ಲಿದೆ. ಚಿತ್ರ ಅವಳ ಹಟವನ್ನು ತೋರಿಸುವಷ್ಟು ಅವಳ ವಿದ್ಯೆಯನ್ನು ತೋರಿಸುವುದಿಲ್ಲ. ಈಜು ಹಟದಿಂದಷ್ಟೇ ಬರುವುದಿಲ್ಲ; ಮುಂಗೈ ನೀರನ್ನು ಎಲ್ಲಿ ಹಿಡಿಯಬೇಕು, ತಲೆ ಎಷ್ಟು ತಿರುಗಬೇಕು ಎಂಬುದನ್ನು ಸಾವಿರ ಸಲ ತಿದ್ದಿದ ಮೇಲೆ ಬರುತ್ತದೆ. ಹತ್ತು ನಿಮಿಷವನ್ನು ಅದಕ್ಕೆ ಕೊಟ್ಟಿದ್ದರೆ ಪ್ರೇಕ್ಷಕರಿಗೆ ಮುಂದೆ ಕಡಲಿನಲ್ಲಿ ಏನು ನಡೆಯುತ್ತಿದೆ ಎಂಬುದು ಇನ್ನಷ್ಟು ಅರ್ಥವಾಗುತ್ತಿತ್ತು.

ಡೇಸಿ ರಿಡ್ಲಿ ಟ್ರೂಡಿಯಾಗಿ ನಂಬಿಸುತ್ತಾರೆ. ಪಾತ್ರಕ್ಕಾಗಿ ಅವರು ಒಲಿಂಪಿಕ್ ಈಜುಗಾರ್ತಿಯೊಬ್ಬರಿಂದ ತಿಂಗಳುಗಟ್ಟಲೆ ತರಬೇತಿ ಪಡೆದು ತೆರೆದ ಕಡಲಿನಲ್ಲಿ ತಾವೇ ಈಜಿದ್ದಾರೆ. ಬಲ್ಗೇರಿಯದ ಕಪ್ಪು ಸಮುದ್ರದಲ್ಲಿ ಚಿತ್ರೀಕರಿಸಿದ ಆ ಭಾಗಗಳಲ್ಲಿ ನೀರಿನ ತಣ್ಪು ಅವರ ತುಟಿಯಲ್ಲಿ, ಬಿಗಿದ ದವಡೆಯಲ್ಲಿ ಕಾಣಿಸುತ್ತದೆ. ಅದನ್ನು ನಟಿಸಿ ತರುವುದು ಕಷ್ಟ. ನೀರಿನ ಹೊರಗೆ ಅವರು ತುಸು ಸಂಕೋಚದ, ಜನರ ಮುಖವನ್ನು ಗಮನವಿಟ್ಟು ನೋಡುವ ಹುಡುಗಿಯಾಗಿರುತ್ತಾರೆ. ಕಿವಿ ಮಂದವಾದವರು ತುಟಿಯನ್ನೇ ನೋಡುವ ಆ ಅಭ್ಯಾಸವನ್ನು ಅವರು ಹಿಡಿದಿರುವ ರೀತಿ ಸೂಕ್ಷ್ಮವಾಗಿದೆ. ಆದರೂ ಟ್ರೂಡಿಯ ಕಿವಿಯ ವಿಷಯವನ್ನು ಚಿತ್ರ ಇನ್ನೂ ಆಳವಾಗಿ ತೆಗೆದುಕೊಳ್ಳಬಹುದಿತ್ತು ಎನ್ನಿಸಿತು. ನೆಲದ ಮೇಲೆ ಎಲ್ಲರ ಮಾತಿಗಾಗಿ ಹೆಣಗುವವಳಿಗೆ ನೀರಿನೊಳಗಿನ ಮೌನ ಏನಾಗಿತ್ತು? ಧ್ವನಿವಿನ್ಯಾಸಕ್ಕೆ ಇದಕ್ಕಿಂತ ದೊಡ್ಡ ಅವಕಾಶ ಬೇರೆ ಬೇಕಿರಲಿಲ್ಲ. ಒಂದೆರಡು ಕಡೆ ಸದ್ದು ಅಡಗಿ ಬರೀ ಉಸಿರಷ್ಟೇ ಉಳಿದಾಗ ಮೈ ನವಿರೇಳುತ್ತದೆ. ಆದರೆ ಅಷ್ಟರಲ್ಲಿ ಅಮೀಲಿಯಾ ವಾರ್ನರ್ ಅವರ ಸಂಗೀತ ಉಕ್ಕಿ ಬಂದು ಆ ಮೌನವನ್ನು ತುಂಬಿಬಿಡುತ್ತದೆ. ಸಂಗೀತ ಇಂಪಾಗಿದೆ. ಆದರೂ ಸುಮ್ಮನಿರಬೇಕಾದ ಕಡೆ ಅದು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು.

ನನ್ನ ಮುಖ್ಯ ತಕರಾರು ಇರುವುದು ನಡುಭಾಗದಲ್ಲಿ. ಟ್ರೂಡಿಯ ಮೊದಲ ಪ್ರಯತ್ನ ನಡೆದದ್ದು 1925ರ ಆಗಸ್ಟ್ 18ರಂದು. ಕಾಲುವೆ ದಾಟಲು ಇಪ್ಪತ್ತಕ್ಕೂ ಹೆಚ್ಚು ಸಲ ಯತ್ನಿಸಿ ಒಮ್ಮೆಯೂ ಗೆಲ್ಲದ ಜೇಬೆಜ್ ವುಲ್ಫ್ ಆಗ ಅವಳ ತರಬೇತುದಾರ. ಸುಮಾರು ಒಂಬತ್ತು ಗಂಟೆ ಈಜಿದ ಬಳಿಕ, ಅವಳು ಸೋತಿದ್ದಾಳೆಂದು ಬಗೆದು, ಆಕೆಯನ್ನು ಹಿಡಿಯುವಂತೆ ಜೊತೆಗಿದ್ದ ಈಜುಗಾರನಿಗೆ ಅವನು ಹೇಳಿದ. ಇನ್ನೊಬ್ಬರ ಕೈ ತಾಗಿದರೆ ಈಜು ಅನೂರ್ಜಿತವೆಂಬುದು ಕಾಲುವೆಯ ಕಟ್ಟುನಿಟ್ಟಾದ ನಿಯಮ. ತಾನು ಕೇವಲ ವಿರಮಿಸುತ್ತಿದ್ದೆ, ಮುಂದುವರಿಯಬಲ್ಲವಳಾಗಿದ್ದೆ ಎಂದು ಟ್ರೂಡಿ ಕೊನೆಯವರೆಗೂ ಹೇಳಿದಳು. ಅದಾದ ಮೇಲೆ ಅವಳು ಅಮೆರಿಕಕ್ಕೆ ಮರಳಿ, ಪತ್ರಿಕಾ ಸಂಸ್ಥೆಯೊಂದರ ಹಣಕಾಸಿನ ನೆರವು ಪಡೆದು, 1911ರಲ್ಲಿ ಕಾಲುವೆ ಗೆದ್ದಿದ್ದ ಥಾಮಸ್ ಬರ್ಜೆಸ್‌ನನ್ನು ತರಬೇತುದಾರನನ್ನಾಗಿ ಆರಿಸಿಕೊಂಡು, ಸುಮಾರು ಒಂದು ವರ್ಷದ ನಂತರ ಅದೇ ದಡಕ್ಕೆ ಬಂದಳು.

ಚಿತ್ರ ಈ ಒಂದು ವರ್ಷವನ್ನು ಕೆಲವೇ ದಿನಗಳಿಗೆ ಇಳಿಸಿಬಿಡುತ್ತದೆ. ಇಲ್ಲಿ ವುಲ್ಫ್ ಅವಳ ಚಹಾದಲ್ಲಿ ಏನೋ ಬೆರೆಸುತ್ತಾನೆ. ಸೋತ ಹುಡುಗಿಯನ್ನು ತವರಿಗೆ ಕರೆದೊಯ್ಯುವ ಹಡಗಿನಿಂದ ಅವಳು ತಪ್ಪಿಸಿಕೊಂಡು ಬಂದು ತಕ್ಷಣವೇ ಮತ್ತೆ ನೀರಿಗಿಳಿಯುತ್ತಾಳೆ. ಸಿನಿಮಾಕ್ಕೆ ವೇಗ ಬೇಕೆಂಬುದು ನನಗೆ ತಿಳಿಯದ ವಿಷಯವಲ್ಲ, ಜೀವನಚಿತ್ರಗಳು ಕಾಲವನ್ನು ಮಡಚುವುದೂ ಹೊಸದಲ್ಲ. ಆದರೆ ಇಲ್ಲಿ ಮಡಚಿಟ್ಟದ್ದು ಕಥೆಯ ಅತಿ ಕಷ್ಟದ ಭಾಗವನ್ನೇ. ಜಗತ್ತಿನ ಪತ್ರಿಕೆಗಳೆಲ್ಲ ‘ಹೆಣ್ಣಿನ ಕೈಲಿ ಇದಾಗದು’ ಎಂದು ತೀರ್ಮಾನಿಸಿದ ಮೇಲೆ, ಮುನ್ನೂರಕ್ಕೂ ಹೆಚ್ಚು ಬೆಳಗುಗಳಲ್ಲಿ ಎದ್ದು ತಣ್ಣೀರಿಗಿಳಿಯುವುದು, ಯಾರೂ ನೋಡದಿರುವಾಗ ಅಭ್ಯಾಸ ಮಾಡುವುದು, ತನ್ನನ್ನು ಮುಟ್ಟಿಸಿದ ತರಬೇತುದಾರನನ್ನು ಬಿಟ್ಟು ಬೇರೆಯವನನ್ನು ತಾನೇ ಆರಿಸಿಕೊಳ್ಳುವುದು, ಆಟವನ್ನು ವೃತ್ತಿಯನ್ನಾಗಿ ಸ್ವೀಕರಿಸುವ ಒಪ್ಪಂದಕ್ಕೆ ಸಹಿ ಹಾಕುವುದು, ಇವೆಲ್ಲ ಆ ವರ್ಷದೊಳಗೆ ನಡೆದವು. ಹಡಗಿನಿಂದ ತಪ್ಪಿಸಿಕೊಳ್ಳುವ ಹುಡುಗಿ ರೋಮಾಂಚನ ಹುಟ್ಟಿಸುತ್ತಾಳೆ. ವರ್ಷವಿಡೀ ಕಾದು ಮರಳಿ ಬಂದ ಹುಡುಗಿಯ ಮುಂದೆ ನನಗೆ ತಲೆ ಬಾಗಬೇಕೆನ್ನಿಸುತ್ತದೆ. ಈ ಎರಡನೆಯವಳನ್ನು ಚಿತ್ರ ನಮಗೆ ತೋರಿಸಲಿಲ್ಲ.

ಖಳರ ವಿಷಯದಲ್ಲೂ ಇದೇ ಅವಸರವಿದೆ. ಕ್ರಿಸ್ಟೋಫರ್ ಎಕಲ್ಸ್ಟನ್ ಅಂತಹ ನಟನಿಗೆ ವುಲ್ಫ್‌ನ ಪಾತ್ರ ಕೊಟ್ಟು, ಅವನಿಂದ ಬರೀ ಕೆಡುಕನ್ನು ಮಾಡಿಸಿದ್ದಾರೆ. ಇಪ್ಪತ್ತಕ್ಕೂ ಹೆಚ್ಚು ಸಲ ಅದೇ ಕಡಲಿಗೆ ಬಿದ್ದು, ದಡ ಕಾಣುವಷ್ಟು ಹತ್ತಿರ ಹೋಗಿ ಹಿಂದಿರುಗಿದ ಮನುಷ್ಯನೊಳಗೆ ಎಂತಹ ಗಾಯವಿರಬೇಕು! ಆ ಗಾಯವನ್ನು ಒಂದು ದೃಶ್ಯದಲ್ಲಾದರೂ ತೆರೆದು ತೋರಿಸಿದ್ದರೆ ಅವನು ಮಾಡಿದ ತಪ್ಪು ಇನ್ನೂ ಭಾರವಾಗಿ ಕಾಣುತ್ತಿತ್ತು. ಅಮೆರಿಕದ ಕ್ರೀಡಾಡಳಿತದ ಮುಖವಾಗಿ, ಹೆಣ್ಣುಮಕ್ಕಳಿಗೆ ಅಡ್ಡ ನಿಲ್ಲುವ ಜೇಮ್ಸ್ ಸಲಿವನ್ ಎಂಬ ಪಾತ್ರವೂ ಇಲ್ಲಿದೆ. ಆ ಹೆಸರಿನ ಆಡಳಿತಗಾರ ನಿಜಕ್ಕೂ ಇದ್ದರು, ಮಹಿಳೆಯರ ಸ್ಪರ್ಧೆಗಳನ್ನು ವಿರೋಧಿಸಿದ್ದೂ ನಿಜ. ಆದರೆ ಅವರು 1914ರಲ್ಲೇ ತೀರಿಕೊಂಡಿದ್ದರು. ಒಂದು ಇಡೀ ವ್ಯವಸ್ಥೆಯ ಸಣ್ಣತನವನ್ನು ಸತ್ತ ಒಬ್ಬರ ಹೆಗಲಿಗೆ ಹೊರಿಸುವುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಬರ್ಜೆಸ್‌ನಾಗಿ ಸ್ಟೀಫನ್ ಗ್ರಹಾಂ ಮಾತ್ರ ತೆರೆಯ ಮೇಲೆ ಬಂದಾಗಲೆಲ್ಲ ಚಿತ್ರಕ್ಕೆ ಉಪ್ಪುಗಾಳಿ ಬೀಸುತ್ತದೆ. ಒರಟು ಮಾತು, ಕಡಲಿನ ಬಗ್ಗೆ ಭಯಮಿಶ್ರಿತ ಪ್ರೀತಿ, ತಾನು ಗೆದ್ದದ್ದನ್ನು ಇನ್ನೊಬ್ಬರು ಗೆಲ್ಲಲೆಂಬ ದೊಡ್ಡ ಮನಸ್ಸು, ಎಲ್ಲವೂ ಅವರ ನಡಿಗೆಯಲ್ಲೇ ಇವೆ.

ಇನ್ನು ಕಾಲುವೆಯ ದೃಶ್ಯಗಳು. ಇವುಗಳಿಗಾಗಿಯೇ ಈ ಚಿತ್ರವನ್ನು ನೋಡಬೇಕು. ನಕಾಶೆಯ ಮೇಲೆ ಫ್ರಾನ್ಸಿಗೂ ಇಂಗ್ಲೆಂಡಿಗೂ ಅತಿ ಕಿರಿದಾದ ಅಂತರ ಸುಮಾರು 34 ಕಿಲೋಮೀಟರ್. ಆದರೆ ಈಜುವವರು ಆ ಗೆರೆಯ ಮೇಲೆ ಹೋಗಲಾರರು. ಸುಮಾರು ಆರು ಗಂಟೆಗೊಮ್ಮೆ ದಿಕ್ಕು ಬದಲಿಸುವ ಭರತ ಇಳಿತಗಳ ಸೆಳೆತ ಈಜುಗಾರರನ್ನು ಒಮ್ಮೆ ಈಶಾನ್ಯಕ್ಕೂ ಮತ್ತೊಮ್ಮೆ ನೈಋತ್ಯಕ್ಕೂ ಎಳೆದೊಯ್ಯುತ್ತದೆ. ಹಾಗಾಗಿ ದಾಟಿದ ದಾರಿ ಹಾವು ಹರಿದ ಗೆರೆಯಂತಿರುತ್ತದೆ. ದಡ ಕಣ್ಣಿಗೆ ಕಾಣುತ್ತಿದ್ದರೂ ಸೆಳೆತ ತಿರುಗಿದರೆ ಗಂಟೆಗಟ್ಟಲೆ ಇದ್ದಲ್ಲೇ ಕೈ ಬಡಿಯಬೇಕಾಗುತ್ತದೆ. ಬೇಸಿಗೆಯಲ್ಲೂ ಮೈ ಕೊರೆಯುವ ನೀರು, ಅಂಬಲಿ ಮೀನುಗಳ (ಜೆಲ್ಲಿಫಿಶ್) ಉರಿ, ಹಡಗುಗಳ ಓಡಾಟ ಬೇರೆ. ಛಾಯಾಗ್ರಾಹಕ ಆಸ್ಕರ್ ಫೌರಾ ಇದನ್ನು ತೋರಿಸಲು ಎರಡು ಅಳತೆಗಳನ್ನು ಬಳಸುತ್ತಾರೆ: ಮೇಲಿನಿಂದ ನೋಡಿದಾಗ ಕಪ್ಪು ನೀರಿನ ಹಾಸಿನಲ್ಲಿ ಕಾಳಿನಷ್ಟು ಚಿಕ್ಕವಳಾಗಿ ಕಾಣುವ ಟ್ರೂಡಿ, ಮರುಕ್ಷಣವೇ ಅಲೆಯ ಮಟ್ಟದಲ್ಲಿ ಅವಳ ಕೆನ್ನೆಯ ಪಕ್ಕ ನಾವು. ಅಂಬಲಿ ಮೀನುಗಳ ಗುಂಪನ್ನು ಹಾದುಹೋಗುವ ದೃಶ್ಯದಲ್ಲಿ ನನ್ನ ಪಕ್ಕ ಕುಳಿತಿದ್ದ ಮಗಳು ತನ್ನ ಎರಡೂ ಕೈಗಳನ್ನು ಎದೆಗೆ ಅವಚಿಕೊಂಡಿದ್ದಳು.

ದಡ ಹತ್ತಿರವಾದಂತೆ ನೀರು ಆಳ ಕಳೆದುಕೊಂಡು, ಜೊತೆಯ ದೋಣಿಗಳು ಮುಂದೆ ಹೋಗಲಾರದೆ ನಿಲ್ಲುತ್ತವೆ. ಅಲ್ಲಿಂದ ಮುಂದೆ ಅವಳೊಬ್ಬಳೇ. ಕತ್ತಲು. ದಿಕ್ಕು ತೋರುವ ದನಿಯೂ ಕೇಳಿಸದು. ಸೊಂಟದ ಹಗ್ಗದಿಂದ ಆರಂಭವಾದ ಕಥೆ ಹಿಡಿಯಲು ಯಾವ ಹಗ್ಗವೂ ಇಲ್ಲದ ಈ ಜಾಗಕ್ಕೆ ಬಂದು ನಿಂತಾಗ ನನ್ನ ಗಂಟಲು ಕಟ್ಟಿತು. ಆಮೇಲೆ ದೂರದ ದಡದಲ್ಲಿ ಒಂದೊಂದಾಗಿ ಬೆಂಕಿಗಳು ಹೊತ್ತಿಕೊಳ್ಳುತ್ತವೆ. ಊರಿನ ಜನ ಕಡಲಂಚಿಗೆ ಬಂದು ಅವಳಿಗಾಗಿ ಬೆಳಕು ಹಚ್ಚಿದ್ದು ನಡೆದ ಸಂಗತಿಯೇ. ಇಡೀ ಚಿತ್ರದಲ್ಲಿ ಇತಿಹಾಸವೂ ಸಿನಿಮಾವೂ ಒಂದನ್ನೊಂದು ಪೂರ್ತಿ ನಂಬಿ ನಡೆದ ಭಾಗ ಇದು.

ನಿಜ ಘಟನೆಯ ಕೆಲವು ವಿವರಗಳು ಚಿತ್ರದಷ್ಟೇ ಸೊಗಸಾಗಿವೆ. ಆ ಕಾಲದ ಉಣ್ಣೆಯ ಈಜುಡುಗೆ ನೀರು ಕುಡಿದು ಭಾರವಾಗುವುದರಿಂದ ಟ್ರೂಡಿಯೂ ಮೆಗ್‌ಳೂ ಸೇರಿ ಎರಡು ತುಂಡಿನ ಉಡುಗೆಯೊಂದನ್ನು ರೂಪಿಸಿಕೊಂಡರು. ಕನ್ನಡಕದೊಳಗೆ ಉಪ್ಪುನೀರು ನುಗ್ಗದಂತೆ ಅದರ ಅಂಚಿಗೆ ಮೇಣ ಕರಗಿಸಿ ಹಚ್ಚಿದರು. ಚಳಿ ತಡೆಯಲು ಮೈಗೆಲ್ಲ ಎಣ್ಣೆ ಮತ್ತು ಕೊಬ್ಬಿನ ಪದರಗಳನ್ನು ಬಳಿದುಕೊಂಡಳು. ಗೆದ್ದರೆ ಕೆಂಪು ಬಣ್ಣದ ಕಾರು ಕೊಡಿಸುವುದಾಗಿ ಅವಳಿಗೆ ಮಾತು ಕೊಡಲಾಗಿತ್ತು. ಗಾಳಿ ಮಳೆ ಜೋರಾಗಿ ಬರ್ಜೆಸ್ ಹೊರಗೆ ಬರುವಂತೆ ಕೂಗಿದಾಗ ಅವಳು ತಲೆ ಎತ್ತಿ ‘ಯಾಕೆ?’ ಎಂದಷ್ಟೇ ಕೇಳಿ ಈಜು ಮುಂದುವರಿಸಿದಳಂತೆ. ಅಕ್ಕತಂಗಿಯರ ನಂಟು ಚಿತ್ರದಲ್ಲಿ ಚೆನ್ನಾಗಿ ಬಂದಿದೆ. ತಾನೂ ಈಜುಗಾರ್ತಿಯಾಗಿದ್ದು ಮದುವೆಯ ಕಡೆಗೆ ತಿರುಗಬೇಕಾದ ಮೆಗ್‌ಳ ನೋವನ್ನು ಟಿಲ್ಡಾ ಕಾಬಮ್ ಹರ್ವಿ ಒಂದು ಕಣ್ಣೋಟದಲ್ಲಿ ಹೇಳಿ ಮುಗಿಸುತ್ತಾರೆ.

1926ರ ಆಗಸ್ಟ್ 27ರಂದು ನ್ಯೂಯಾರ್ಕ್ ನಗರ ಲಕ್ಷಾಂತರ ಜನರ ಮೆರವಣಿಗೆಯಲ್ಲಿ ಅವಳನ್ನು ಸ್ವಾಗತಿಸಿತು. ಅದರ ಮರುದಿನವೇ ಕಾಲುವೆಯಲ್ಲಿ ಇನ್ನೊಬ್ಬಳು ಹೆಣ್ಣುಮಗಳು, ಇಬ್ಬರು ಮಕ್ಕಳ ತಾಯಿ ಮಿಲ್ ಗೇಡ್ ಕಾರ್ಸನ್, 15 ಗಂಟೆ 29 ನಿಮಿಷದಲ್ಲಿ ದಡ ಸೇರಿದಳು. ಐವತ್ತು ವರ್ಷಗಳಲ್ಲಿ ಐವರು ಗಂಡಸರು ದಾಟಿದ್ದ ನೀರನ್ನು ಒಂದೇ ತಿಂಗಳಲ್ಲಿ ಇಬ್ಬರು ಹೆಂಗಸರು ದಾಟಿದ್ದರು! ಇದು ಒಂದು ಸಾಲಿನ ಬರಹವಾಗಿಯಾದರೂ ಚಿತ್ರದ ಕೊನೆಯಲ್ಲಿ ಇರಬೇಕಾದ ಮಾತು. ಇಲ್ಲಿಂದ ಮೂರು ದಶಕಗಳ ಆಚೆ, 1959ರಲ್ಲಿ, ಕೋಲ್ಕತ್ತದ ಆರತಿ ಸಾಹಾ ಅದೇ ಗ್ರೀ ನೇ ಭೂಶಿರದಲ್ಲಿ ನೀರಿಗಿಳಿದರು. ಆಗಸ್ಟ್‌ನ ಮೊದಲ ಯತ್ನ ಕೈಗೂಡದೆ, ಸೆಪ್ಟೆಂಬರ್ 29ರಂದು ಮತ್ತೆ ಇಳಿದು, 16 ಗಂಟೆ 20 ನಿಮಿಷ ಈಜಿ, ಕಾಲುವೆ ದಾಟಿದ ಏಷ್ಯಾದ ಮೊದಲ ಮಹಿಳೆಯಾದರು. ಹನ್ನೊಂದನೇ ವಯಸ್ಸಿನಲ್ಲೇ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋಗಿದ್ದ, 1960ರಲ್ಲಿ ಪದ್ಮಶ್ರೀ ಪಡೆದ ಆ ಹೆಣ್ಣುಮಗಳ ಬದುಕನ್ನು ಇಷ್ಟೇ ಶ್ರದ್ಧೆಯಿಂದ, ಇಷ್ಟೇ ದೊಡ್ಡ ಪರದೆಗೆ ತಕ್ಕಂತೆ ನೋಡುವ ಆಸೆ ನನ್ನದು.

ಮೆರವಣಿಗೆಯ ಹೊತ್ತಿಗೆ ಚಿತ್ರದ ಕಥೆ ನಿಲ್ಲುತ್ತದೆ. ಟ್ರೂಡಿಯ ಬದುಕು ಅಲ್ಲಿಂದ ಇನ್ನೂ 77 ವರ್ಷ ನಡೆಯಿತು. ಅವಳ ಕಿವಿ ಇನ್ನಷ್ಟು ಮಂದವಾಯಿತು. 1933ರಲ್ಲಿ ಮೆಟ್ಟಿಲಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ವರ್ಷಗಟ್ಟಲೆ ಪಟ್ಟಿ ಕಟ್ಟಿಸಿಕೊಂಡು ನರಳಿದಳು. ಆದರೂ 1939ರ ನ್ಯೂಯಾರ್ಕ್ ವಿಶ್ವಮೇಳದ ಜಲಪ್ರದರ್ಶನದಲ್ಲಿ ಮತ್ತೆ ಈಜಿದಳು. ಮುಂದೆ ಕಿವುಡ ಮಕ್ಕಳ ಶಾಲೆಯಲ್ಲಿ ಈಜು ಕಲಿಸಿದಳು. 2003ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡಳು. ಬೆಂಕಿಗಳ ಸಾಲಿನಷ್ಟೇ ಬೆಳಗುವ ದೃಶ್ಯವೊಂದು ಆ ಶಾಲೆಯ ಕೊಳದಲ್ಲಿತ್ತೆಂದು ನನಗೆ ಅನ್ನಿಸುತ್ತದೆ: ಏನೂ ಕೇಳಿಸದ ಮಗುವೊಂದರ ಮುಂದೆ ನೀರಿನಲ್ಲಿ ನಿಂತು, ಕೈಯನ್ನು ಎಲ್ಲಿಂದ ಎಲ್ಲಿಗೆ ಎಳೆಯಬೇಕೆಂದು ತಾನೇ ಎಳೆದು ತೋರಿಸುವ ನಡುವಯಸ್ಸಿನ ಟ್ರೂಡಿ.

ಎಂಟು ಹತ್ತು ವರ್ಷ ದಾಟಿದ ಮಕ್ಕಳ ಜೊತೆ ಕುಳಿತು ಮುಜುಗರವಿಲ್ಲದೆ ನೋಡಬಹುದಾದ ಚಿತ್ರವಿದು. ಸಂಭಾಷಣೆ ಸರಳ ಇಂಗ್ಲಿಷಿನಲ್ಲಿದ್ದು, ಉಪಶೀರ್ಷಿಕೆ ಹಾಕಿಕೊಂಡರೆ ಹಿರಿಯರಿಗೂ ಕಷ್ಟವಾಗದು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಆ ಕಾಣೆಯಾದ ವರ್ಷದ್ದು. ಚಿತ್ರ ಮುಗಿದ ಮೇಲೆ ಮಗಳು, ‘ಅಮ್ಮಾ, ನೀನು ಯಾಕೆ ಈಜು ಕಲಿಯಲಿಲ್ಲ?’ ಎಂದು ಕೇಳಿದಳು. ಬಾವಿಯ ಮೆಟ್ಟಿಲಿನ ಕಥೆಯನ್ನು ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ತಾನು ಈಜಲು ಹೋಗುವ ಕೊಳದಲ್ಲಿ ಬೆಳಿಗ್ಗೆ ಹತ್ತರ ನಂತರ ಹೆಂಗಸರ ತಂಡವೊಂದು ಕಲಿಯಲು ಬರುತ್ತದೆಂದು ತಿಳಿಸಿದಳು.